ತುಟಿಗೆ ತಿಳಿಯದ ಮುಪ್ಪು

ಡಾಕ್ಟರ್ ಇಂಪಿ ಸೊರ್ಮುನೆನ್ ಅವರನ್ನು ನಾನು ಮೊದಲ ಬಾರಿ ಕಂಡದ್ದು ಬಾಯಿ ತೆರೆದುಕೊಂಡು. ವ್ಯಾಕರಣ ಕಲಿಸಲೆಂದು ಈ ಊರಿನ ಶಾಲೆಗೆ ಬಂದ ಹೊಸತರಲ್ಲಿ ನನಗೆ ದವಡೆನೋವು ಹಿಡಿದಿತ್ತು; ಪೈಯನ್ನೆ ಸರೋವರದ ದಂಡೆಯಲ್ಲಿದ್ದ ಅವರ ದಂತಚಿಕಿತ್ಸಾಲಯದ ಕುರ್ಚಿಯಲ್ಲಿ ಒರಗಿದ್ದೆ. ಅವರು ನೋಯುತ್ತಿದ್ದ ದವಡೆಯನ್ನು ಬಿಟ್ಟು, ಮುಂದಿನ ಹಲ್ಲಿನ ಅಂಚನ್ನೇ ಪುಟ್ಟ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಗಾಳದ ದಾರಾನ ಹಲ್ಲಲ್ಲಿ ಕಚ್ಚಿ ತುಂಡು ಮಾಡ್ತೀರಾ, ಮೇಷ್ಟ್ರೇ?"

ಬಾಯಲ್ಲಿ ಅವರ ಬೆರಳಿದ್ದುದರಿಂದ ಕಣ್ಣಿನಲ್ಲೇ ಹೌದೆಂದೆ.

"ಹಲ್ಲಿರೋದು ರೊಟ್ಟಿ ತಿನ್ನೋಕೆ. ದಾರ ಪರೀಕ್ಷೆಗೆ ತುಟಿ ಸಾಕು. ಭಾನುವಾರ ದೋಣಿ ಹತ್ರ ಬನ್ನಿ, ತೋರಿಸ್ತೀನಿ. ಹುಟ್ಟು ಹಾಕೋಕಾದ್ರೂ ಬರುತ್ತಾ?"

ಬರುತ್ತಿತ್ತು. ಆ ಭಾನುವಾರ ಹಿಡಿದ ಹುಟ್ಟನ್ನು ನಿವೃತ್ತನಾದ ಮೇಲೂ ನಾನು ಕೆಳಗಿಡಲಿಲ್ಲ.

ಅವರು ಗಟ್ಟಿಮುಟ್ಟಾದ ಕುಳ್ಳಗಿನ ಹೆಂಗಸು. ನೆಲವೂ ದೋಣಿಯ ತಳದಂತೆ ಯಾವಾಗ ಬೇಕಾದರೂ ಓಲಾಡಬಹುದೆಂಬ ಅನುಮಾನದಿಂದ, ಕಾಲುಗಳನ್ನು ಅಗಲಿಸಿ ಇಟ್ಟು ನಡೆಯುತ್ತಿದ್ದರು. ಚಿಕಿತ್ಸಾಲಯದಲ್ಲಿ ತೊಡುತ್ತಿದ್ದ ಬಿಳಿಯ ಕೋಟಿನ ಗುಂಡಿಗಳನ್ನು ನೈಲಾನಿನ ಗಾಳದ ದಾರದಿಂದಲೇ ಹೊಲಿದುಕೊಂಡಿದ್ದರು. ಕಾಲಕ್ರಮದಲ್ಲಿ ಕೋಟು ಮೊಣಕೈಯಲ್ಲಿ ಜೀರ್ಣವಾಯಿತು, ಗುಂಡಿಗಳು ಮಾತ್ರ ಅಲ್ಲಾಡಲಿಲ್ಲ. ಹೊಸ ದಾರವನ್ನು ಕೊಳ್ಳುವಾಗ ಅದನ್ನು ಕಣ್ಣು ಮುಚ್ಚಿ, ಎರಡು ತುಟಿಗಳ ನಡುವೆ ಮೆಲ್ಲಗೆ ಎಳೆಯುತ್ತಿದ್ದರು. ಬೆರಳಿಗೂ ಕಣ್ಣಿಗೂ ಸಿಗದ ಸೂಕ್ಷ್ಮವಾದ ಗೀರು ತುಟಿಗೆ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. ಆಮೇಲೆ ಒಂದು ಗಂಟು ಹಾಕಿ, ಉಗುಳಿನಿಂದ ಒದ್ದೆ ಮಾಡಿ ಬಿಗಿದು, ಮುಷ್ಟಿಗೆ ಸುತ್ತಿಕೊಂಡು ಜಗ್ಗುತ್ತಿದ್ದರು. ಒಣಗಿದ ಗಂಟನ್ನು ಬಿಗಿದರೆ ದಾರವು ತನ್ನ ಬಿಸಿಯಲ್ಲೇ ಸುಟ್ಟುಹೋಗುತ್ತದೆ ಎನ್ನುವರು.

ಗಾಳದ ಅಂಗಡಿಯ ಓಯ್ವಾ ಇದನ್ನು ನೋಡಿದಾಗಲೆಲ್ಲ ಕೆಣಕುತ್ತಿದ್ದ. "ಡಾಕ್ಟ್ರಮ್ಮಾ, ದಾರ ತಗೊಳ್ತೀರೋ, ಮುತ್ತು ಕೊಟ್ಟು ಹೋಗ್ತೀರೋ?"

"ನಿನ್ನ ಮೂತಿಗಿಂತ ಇದು ನುಣ್ಣಗಿದೆ ಕಣಯ್ಯಾ. ಮುಂದಿನ ಸುರುಳಿ ಕೊಡು."

ದಂಡೆಯ ಬಂಡೆಗಳ ಮೇಲೆ ನಿಂತು ಪೈಕ್ ಮೀನಿಗೆ ಗಾಳ ಬೀಸುವ ದಿನ ಅವರು ಹೆಣೆದ ದಾರವನ್ನು ಸುತ್ತಿಕೊಳ್ಳುತ್ತಿದ್ದರು. ಅದು ತೆಳ್ಳಗಿದ್ದು ದೂರಕ್ಕೆ ಹಾರುತ್ತದೆ, ಮೀನು ಮೂಸಿದರೂ ಕೈಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ಕಲ್ಲಿಗೆ ಉಜ್ಜಿದರೆ ಸವೆಯುತ್ತದೆ, ಆದಕಾರಣ ತುದಿಗೆ ಒಂದು ಮಾರು ದಪ್ಪ ನೈಲಾನು. ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವ ದಿನ ಉದ್ದಕ್ಕೂ ನೈಲಾನೇ. "ದೋಣಿ ಮುಂದಕ್ಕೆ ಹೋಗ್ತಿರುತ್ತೆ, ಮೀನು ಹಿಂದಕ್ಕೆ ಎಳೆಯುತ್ತೆ. ಹೆಣೆದ ದಾರ ಹಠಮಾರಿ, ಸೀದಾ ಮೀನಿನ ಬಾಯೇ ಹರಿದುಬಿಡುತ್ತೆ. ನೈಲಾನು ಸ್ವಲ್ಪ ಹಿಗ್ಗಿ ಇಬ್ಬರ ಮಾನಾನೂ ಉಳಿಸುತ್ತೆ," ಎನ್ನುವರು. ತೆಳುದಾರದಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸಿ ಹಿಡಿದೆನೆಂದು ಜಂಭ ಕೊಚ್ಚುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ನಮ್ಮ ಸರೋವರದ ಟ್ರೌಟ್ ಮೀನುಗಳಲ್ಲಿ ಸಾಕಿ ಬಿಟ್ಟವುಗಳಿಗೆ ಬಾಲದ ಹತ್ತಿರದ ಪುಟ್ಟ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಆ ರೆಕ್ಕೆಯುಳ್ಳದ್ದು ಕಾಡುತಳಿ, ಅದನ್ನು ಹಿಡಿದವರು ಬಿಡಲೇಬೇಕು. ದಣಿಸಿ ಬಿಟ್ಟ ಮೀನು ಬದುಕುವುದಿಲ್ಲ. ಗಟ್ಟಿಯಾದ ದಾರವಿದ್ದರೆ ಬೇಗ ಎಳೆದು, ಬೇಗ ಬಿಡಬಹುದು. ಅವರ ದಾರದ ಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿತ್ತು.

ಅಂಥವರ ದಾರವೂ ಒಂದು ವಸಂತದಲ್ಲಿ ಹರಿಯಿತು.

ಹಿಮ ಕರಗಿ ನೀರು ತೆರೆದ ಹೊಸತು. ನಾನು ಹುಟ್ಟು ಹಾಕುತ್ತಿದ್ದೆ; ಹಿಂದೆ ಅವರು ತಾವೇ ಕೆತ್ತಿ ಬಣ್ಣ ಬಳಿದಿದ್ದ ಮರದ ಹುಸಿಮೀನು ಬಳುಕುತ್ತ ಬರುತ್ತಿತ್ತು. ಕೋಲು ಬಾಗಿತು. ಸ್ವಲ್ಪ ಹೊತ್ತಿನಲ್ಲೇ ದೋಣಿಯ ಪಕ್ಕಕ್ಕೆ ಬಂದ ಮೀನು ನನ್ನ ತೋಳಿನಷ್ಟು ಉದ್ದವಿತ್ತು.

"ರೆಕ್ಕೆ ಇದೆ ಮೇಷ್ಟ್ರೇ! ಬಿಡ್ಬೇಕು! ಬಲೆ ಬೇಡ, ಇಕ್ಕಳ ಕೊಡಿ!"

ಇಕ್ಕಳವು ನನ್ನ ಕೈಯಲ್ಲಿರುವಾಗಲೇ ಮೀನು ಕೆಳಕ್ಕೆ ಧುಮುಕಿತು, ದಾರವು ಒಣಕಡ್ಡಿಯಂತೆ ಟಪ್ಪೆಂದು ಮುರಿಯಿತು. ಹುಸಿಮೀನನ್ನು ಬಾಯಲ್ಲಿ ಕಚ್ಚಿಕೊಂಡೇ ಅದು ಕತ್ತಲ ನೀರಿಗಿಳಿಯಿತು. ಅದರ ಮೇಲಿನ ದವಡೆಗೂ ಕೆಳಗಿನ ದವಡೆಗೂ ಹುಸಿಮೀನಿನ ಗಾಳದ ಮುಳ್ಳುಗಳು ನೆಟ್ಟಿದ್ದುದನ್ನು ಇಬ್ಬರೂ ಕಂಡಿದ್ದೆವು.

ಉಳಿದ ದಾರವನ್ನು ಸುತ್ತಿಕೊಳ್ಳುತ್ತ ಅವರು ಹೇಳಿದರು: "ಜೀವಮಾನವೆಲ್ಲಾ ಬಾಯಿ ತೆರೆಸೋ ಕೆಲಸ ಮಾಡ್ದೋಳು ನಾನು. ಇವತ್ತು ಒಂದರ ಬಾಯಿ ಹೊಲಿದು ಕಳಿಸ್ದೆ."

ಕಾರಣವು ಮನೆಗೆ ಹೋದೊಡನೆ ಸಿಕ್ಕಿತು. ನಮ್ಮಲ್ಲಿ ಎಲ್ಲರೂ ಗಾಳದ ಕೋಲುಗಳನ್ನು ಸೌನಾದ, ಅಂದರೆ ಹಬೆಸ್ನಾನದ ಮನೆಯ, ಮುಂಗೋಣೆಯಲ್ಲಿ ನೇತುಹಾಕುತ್ತೇವೆ. ಅವರದು ದಕ್ಷಿಣದ ಕಿಟಕಿಯಲ್ಲಿ ಒಳಗಿನ ಕಾವು, ಹೊರಗಿನ ಬಿಸಿಲು ಎರಡನ್ನೂ ಉಂಡು ತೂಗಿತ್ತು. ದಾರ ಒಳಗಿಂದ ಬೆಂದಿತ್ತು. ಆ ಬೆಳಿಗ್ಗೆಯೂ ಅವರು ಅದನ್ನು ತುಟಿಗಳ ನಡುವೆ ಎಳೆದು ನೋಡಿದ್ದರು. ಮಗುವಿನ ಕೆನ್ನೆಯಂತೆ ನಯವಾಗಿತ್ತು. ಆ ಸಲ ಗಂಟು ಹಾಕಿ ಜಗ್ಗಿರಲಿಲ್ಲ.

"ಗೀರು ತುಟಿಗೆ ಗೊತ್ತಾಗುತ್ತೆ. ಮುಪ್ಪು ಗೊತ್ತಾಗಲ್ಲ," ಎಂದರು.

ಮರದ ಹುಸಿಮೀನು ತೇಲುತ್ತದೆ. ಟ್ರೌಟ್ ಅದನ್ನು ಕೊಡವಿ ಕಳೆದುಕೊಂಡರೆ ಅದು ಮೇಲೆದ್ದು ಬಂದೇ ಬರುತ್ತದೆ, ಗಾಳಿ ಅದನ್ನು ಯಾವುದಾದರೂ ದಂಡೆಗೆ ತರುತ್ತದೆ. ಈ ಒಂದು ನಂಬಿಕೆಯಿಂದ ಅವರು ಪ್ರತಿ ಬೆಳಿಗ್ಗೆ ಚಿಕಿತ್ಸಾಲಯ ತೆರೆಯುವ ಮೊದಲು, ಹಿಂದಿನ ದಿನದ ಗಾಳಿ ಎತ್ತ ಬೀಸಿತ್ತೋ ಅತ್ತಲಿನ ದಂಡೆಯ ಜೊಂಡಿನಲ್ಲಿ ಕೋಲಾಡಿಸುತ್ತ ನಡೆದರು. ಊರಿಗೆಲ್ಲ ತಿಳಿಯಿತು. ಓಯ್ವಾ ಕೂಡ ಕೆಣಕುವುದನ್ನು ನಿಲ್ಲಿಸಿದ. ಒಂದು ದಿನ ಅವನೇ ನಮ್ಮಿಬ್ಬರ ಕಾಫಿಯ ನಡುವೆ ಬಂದು, ಅದೇ ಬಣ್ಣದ, ಗೀಚಿಹೋದ ಹುಸಿಮೀನೊಂದನ್ನು ಮೇಜಿನ ಮೇಲಿಟ್ಟ.

"ಜೊಂಡಲ್ಲಿ ಸಿಕ್ತು ಡಾಕ್ಟ್ರಮ್ಮಾ. ನಿಮ್ದೇ ಅಲ್ವಾ? ಮೀನು ಬಚಾವಾಯ್ತು ಬಿಡಿ."

ಅವರು ಅದರ ಮೂತಿಯಲ್ಲಿದ್ದ ಗಂಟನ್ನು ಬೆಳಕಿಗೆ ಹಿಡಿದರು. "ಓಯ್ವಾ, ಸುಳ್ಳು ಹೇಳೋಕೆ ಇಷ್ಟು ದೂರ ಬಂದ್ಯಲ್ಲ, ಗಂಟನ್ನಾದ್ರೂ ಒದ್ದೆ ಮಾಡಿ ಬಿಗೀಬಾರ್ದಿತ್ತಾ?"

ಅವನ ಕಿವಿ ಕೆಂಪಾಯಿತು. ಅವರು ಎದ್ದು ಅವನಿಗೂ ಒಂದು ಬಟ್ಟಲು ಕಾಫಿ ಬಗ್ಗಿಸಿದರು.

ನಡುಬೇಸಿಗೆಯ ಹಬ್ಬದ ಹಿಂದಿನ ದಿನ, ಊರಿಗೆ ಊರೇ ಬಾಗಿಲಿಗೆ ನಿಲ್ಲಿಸಲು ಬರ್ಚ್ ಮರದ ಕೊಂಬೆಗಳನ್ನು ಕಡಿಯುತ್ತಿದ್ದಾಗ, ಅವರು ಒದ್ದೆ ಬೂಟಿನಲ್ಲೇ ನಮ್ಮ ಮನೆಯ ಒಳಗೆ ನಡೆದುಬಂದರು. ಅಂಗೈಯಲ್ಲಿ ಹುಸಿಮೀನು. ಗಂಟು ಅವರದೇ, ಅದರ ಹಿಂದೆ ಕೆಲವು ಮಾರು ದಾರ. ಬದಿಯ ಬಣ್ಣ ಬಂಡೆಗೆ ಉಜ್ಜಿ ಹೋಗಿತ್ತು, ಒಂದು ಮುಳ್ಳು ಪೂರ್ತಿ ನೆಟ್ಟಗಾಗಿತ್ತು.

"ನೋಡಿ. ಸತ್ತ ಮೀನು ಮುಳ್ಳನ್ನ ಹೀಗೆ ನೆಟ್ಟಗೆ ಮಾಡಲ್ಲ. ತನ್ನ ಹಲ್ಲು ತಾನೇ ಕಿತ್ಕೊಂಡಿದೆ, ಭೇಷ್!" ಎಂದು ಕುಳಿತು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜಗತ್ತಿನಲ್ಲಿ ಗಟ್ಟಿ ದಾರವನ್ನು ಬಯಸುವವರು ಬಹಳ ಮಂದಿ. ಕೈಗೆ ಸಿಕ್ಕಿದ್ದು ತಪ್ಪಿಹೋಗಬಾರದೆಂಬುದು ಅವರ ಆಸೆ. ಸಿಕ್ಕಿದ್ದನ್ನು ನೋಯಿಸದೆ ಬಿಟ್ಟುಕೊಡುವುದಕ್ಕಾಗಿ ಗಟ್ಟಿ ದಾರವನ್ನು ಹುಡುಕುವವರು ವಿರಳ. ಇಂಥವರು ತಮ್ಮ ತಿಳಿವಳಿಕೆಯ ಮೇಲೆ ಅಪಾರ ಭರವಸೆಯುಳ್ಳವರು, ಮಾತಿನಲ್ಲಿ ಒರಟರು. ಆದರೆ ಆ ತಿಳಿವಳಿಕೆ ಒಮ್ಮೆ ಕೈಕೊಟ್ಟರೆ ಆ ಸೋಲನ್ನು ಬಚ್ಚಿಡದೆ, ಊರಿನ ಉಪಯೋಗಕ್ಕೆಂದು ಕಿಟಕಿಯಲ್ಲಿ ತೂಗುಹಾಕುತ್ತಾರೆ.

ಇಂಪಿಯವರು ಹಾಗೆಯೇ ಮಾಡಿದ್ದಾರೆ. ಮೊಣಕಾಲು ಸೋತು ದೋಣಿ ಹತ್ತುವುದನ್ನು ಬಿಟ್ಟಿದ್ದರೂ, ಹಿಮ ಕರಗುವ ವೇಳೆಗೆ ಓಯ್ವಾನ ಅಂಗಡಿಯ ಕಿಟಕಿಯ ಬಳಿ ಬಂದು ಕೂರುತ್ತಾರೆ. ಸೌನಾದಲ್ಲಿ ಚಳಿಗಾಲ ಕಳೆದ ರೀಲುಗಳನ್ನು ಹಿಡಿದು ಜನ ದಾರದ ಪರೀಕ್ಷೆಗೆಂದು ಗೊಣಗುತ್ತಲೇ ಸಾಲುಗಟ್ಟುತ್ತಾರೆ. "ಹೋದ ವರ್ಷವಷ್ಟೇ ಸುತ್ತಿದ್ದು ಡಾಕ್ಟ್ರಮ್ಮಾ, ಹೊಸದಿದ್ದಂಗಿದೆ," ಎಂದು ಯಾರಾದರೂ ವಾದಿಸಿದರೆ ಅವರು ಮೇಲೆ ನೇತಾಡುವ ಆ ಹುಸಿಮೀನಿನ ದಾರದ ತುದಿಯನ್ನು ಅವನ ತುಟಿಯ ಮೇಲೆ ಒಮ್ಮೆ ಎಳೆಯುತ್ತಾರೆ, ಆಮೇಲೆ ಎರಡು ಬೆರಳಿನಲ್ಲಿ ಟಪ್ಪೆಂದು ಮುರಿದು ತೋರಿಸುತ್ತಾರೆ. ಹಳೆಯ ದಾರ ಬಿಚ್ಚಿ ಹಾಕುವ ಬುಟ್ಟಿ ಪಕ್ಕದಲ್ಲೇ ಇರುತ್ತದೆ. ಹಾಗೆ ಮುರಿದು ಮುರಿದು ಈ ವಸಂತಕ್ಕೆ ಆ ದಾರ ಗೇಣುದ್ದ ಉಳಿದಿದೆ.