ಎಣ್ಣೆ ಬೇಡದ ಉಕ್ಕು

"ಕಣ್ಣು ಮುಚ್ಚಪ್ಪ. ಕೈ ಚಾಚು," ಎಂದಳು ಬ್ರಿನ್.

ಡ್ವೇನ್ ತನ್ನ ಪಿಕಪ್ಪಿನ ಹಿಂಬದಿಯ ಹಲಗೆಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದ. ಮಗಳು ಹೇಳಿದಂತೆ ಮಾಡಿದ. ಅಂಗೈಗೆ ತಣ್ಣನೆಯ ಭಾರದ ಉಕ್ಕು ಬಿತ್ತು. ರೈಫಲ್ಲಿನ ಹೊಟ್ಟೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡಿ, ಖಾಲಿ ತೋಟೆಯನ್ನು ಹೊರಗೆಸೆದು ಹೊಸದನ್ನು ಒಳಗೆ ನೂಕುವ ಬೋಲ್ಟ್ ಕ್ಯಾರಿಯರ್ ಅದು ಎಂದು ಕಣ್ಣು ಬಿಡುವ ಮೊದಲೇ ಅವನಿಗೆ ಗೊತ್ತಾಯಿತು. ಕಣ್ಣು ಬಿಟ್ಟಾಗಲೇ ಗುರುತು ಹತ್ತದೆ ಹೋದದ್ದು. ಕಪ್ಪಗಿರಬೇಕಾದ ವಸ್ತು ಮದುವೆಯ ಉಂಗುರದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು.

"ಕರ್ಟಿಸ್ ತರಿಸಿಕೊಟ್ಟಿದ್ದು. ಮೇಲೆ ಲೇಪ ಇದೆ. ಮಸಿ ಅಂಟಲ್ವಂತೆ. ಹಳೇದನ್ನ ತೆಗೆದು ಇದನ್ನ ಹಾಕ್ಕೊಂಡಿದೀನಿ."

"ಚೆನ್ನಾಗಿದೆ," ಎಂದ ಡ್ವೇನ್. "ಕಿವಿಗೆ ಹಾಕ್ಕೋಬಹುದು."

ಬ್ರಿನ್ ನಕ್ಕಳು. ಅವಳಿಗೆ ಹದಿನೇಳು, ಅಪ್ಪನ ಕೊಂಕನ್ನು ತಮಾಷೆ ಎಂದುಕೊಳ್ಳುವಷ್ಟು ಒಳ್ಳೆಯ ಮನಸ್ಸು. ಕೊಂಕು ಕೊಂಕಾಗಿಯೇ ಇತ್ತು. ಕರ್ಟಿಸ್ ಎಂದರೆ ಬ್ರಿನ್ನಳ ಅಮ್ಮ ಮಾರ್ಲಾಳ ಹೊಸ ಗಂಡ. ಊರಿನಲ್ಲಿ ಹಲ್ಲಿನ ಡಾಕ್ಟರು. ಮಾರ್ಲಾ ಬಿಟ್ಟುಹೋದದ್ದನ್ನು ಡ್ವೇನ್ ಹೇಗೋ ನುಂಗಿಕೊಂಡಿದ್ದ. ಅವಳಿಗೆ ರೈಫಲ್ ಎಂದರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ಈ ಗುಂಡು ಹೊಡೆಯುವ ಮೈದಾನ, ವಯೋಮಿಂಗಿನ ಈ ಹಾಳು ಗಾಳಿ, ಬ್ರಿನ್ನಳ ಬಂದೂಕು, ಇವಿಷ್ಟು ತನ್ನದು ಎಂದುಕೊಂಡಿದ್ದ. ಈಗ ಆ ಹಲ್ಲಿನ ಡಾಕ್ಟರು ಇಲ್ಲಿಗೂ ಕೈ ಹಾಕಿದ್ದ, ಅದೂ ಬಂದೂಕಿನ ಹೊಟ್ಟೆಯೊಳಕ್ಕೇ.

ಪ್ರತಿ ಪಂದ್ಯ ಮುಗಿದ ಮೇಲೆ ಅಪ್ಪ ಮಗಳು ಡ್ವೇನನ ಅಡಿಗೆಮನೆಗೆ ಹೋಗುವುದು ರೂಢಿ. ಮೇಜಿನ ಮೇಲೆ ಹಳೆ ಪೇಪರು ಹಾಸಿ ಕ್ಯಾರಿಯರನ್ನು ಬಿಚ್ಚಿ, ಬೋಲ್ಟಿನ ಬಾಲಕ್ಕೆ ಕಲ್ಲಿನಂತೆ ಕಚ್ಚಿಕೊಂಡ ಮಸಿಯನ್ನು ಹಿತ್ತಾಳೆಯ ಕಡ್ಡಿಯಿಂದ ಕೆರೆಯುತ್ತಿದ್ದರು. ಅದು ಬೇಗ ಹೋಗುವ ಮಸಿಯಲ್ಲ. ಹಾಗೆ ಕೆರೆಯುತ್ತಿದ್ದಾಗ ಬ್ರಿನ್ನಳ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಶಾಲೆಯ ಜಗಳ, ಕಾರು ಓಡಿಸಲು ಬಾರದ ಗೆಳೆಯ, ಅಮ್ಮನ ಮೇಲಿನ ಸಿಟ್ಟು, ಎಲ್ಲವನ್ನೂ ಅವನು ತಿಳಿದದ್ದು ಆ ಮಸಿಯ ಪುಣ್ಯದಿಂದ. ಈಗ ಮಸಿ ಅಂಟುವುದಿಲ್ಲವಂತೆ.

"ಒರೆಸಿದ್ರೆ ಸಾಕು, ಹೋಗುತ್ತೆ," ಎನ್ನುತ್ತ ಕರ್ಟಿಸ್ ಎರಡು ಮಡಚುವ ಕುರ್ಚಿ, ಒಂದು ಡಬ್ಬ ಡೋನಟ್ ಹೊತ್ತುಕೊಂಡು ಬಂದ. "ಎಣ್ಣೆನೂ ಬೇಡ ಅಂತ ಬರೆದಿದಾರೆ. ಮಾಮೂಲಿದಕ್ಕಿಂತ ಎರಡರಷ್ಟು ಬೆಲೆ ಡ್ವೇನ್. ದಂಡ ಅಲ್ಲ ತಾನೇ? ನಂಗೇನೂ ಗೊತ್ತಾಗಲ್ಲ, ನೀವೇ ಹೇಳ್ಬೇಕು."

ನಿಜವಾಗಿ ಕೇಳುತ್ತಿದ್ದ. ಅದೇ ಡ್ವೇನನನ್ನು ಇನ್ನಷ್ಟು ಉರಿಸಿತು. ಜಂಬದ ಮನುಷ್ಯನಾಗಿದ್ದರೆ ಎಷ್ಟು ಸಲೀಸಾಗಿ ದ್ವೇಷಿಸಬಹುದಿತ್ತು.

"ನನ್ನ ಕಪ್ಪು ಕ್ಯಾರಿಯರು ನನ್ನ ಎರಡನೇ ಹೆಂಡತಿಗಿಂತ ಹಳೇದು," ಎಂದ ಪಕ್ಕದ ಗಾಡಿಯಲ್ಲಿದ್ದ ಮುದುಕ ಆರ್ಲೋ. ಮೈದಾನದಲ್ಲಿ ಗುಂಡು ಹಾರಿಸಲು ಅಪ್ಪಣೆ ಕೊಡುವವನು ಅವನೇ. "ಒಂದಿನ ಗೊಣಗಿಲ್ಲ. ಬಣ್ಣ ಬಳಿದ್ರೆ ಗುರಿ ನೆಟ್ಟಗಾಗುತ್ತಾ?"

"ಎರಡನೇ ಹೆಂಡ್ತಿ ಕೇಳಿಸ್ಕೊಂಡ್ರೆ ನಿನ್ನ ಸೊಟ್ಟ ಮೂಗೂ ನೆಟ್ಟಗಾಗುತ್ತೆ ನೋಡು," ಎಂದಳು ಬ್ರಿನ್. ಎಲ್ಲರೂ ನಕ್ಕರು. ಕರ್ಟಿಸ್ ತುಸು ಹೆಚ್ಚೇ ನಕ್ಕ.

ಡ್ವೇನ್ ನಗುತ್ತಲೇ ಹೆಬ್ಬೆರಳನ್ನು ಕ್ಯಾರಿಯರಿನ ಪಕ್ಕೆಯ ಮೇಲೆ ಉದ್ದಕ್ಕೆ ಎಳೆದು, ಆಮೇಲೆ ತೋರುಬೆರಳಿಗೆ ತಿಕ್ಕಿ ನೋಡಿದ. ಎಣ್ಣೆ ಇದೆಯೋ ಇಲ್ಲವೋ ಎಂದು ಅವನು ನೋಡುವ ರೀತಿಯೇ ಅದು. ಬ್ರಿನ್ ಎಳೆಯವಳಿದ್ದಾಗಿನಿಂದ ನೋಡುತ್ತ ಬಂದದ್ದು. ಬೆರಳು ಒಣಗಿತ್ತು. ಲೇಪ ಎಷ್ಟೇ ನುಣುಪಾಗಿರಲಿ, ಹೊಸ ಕ್ಯಾರಿಯರು ಈ ಧೂಳುಗಾಳಿಯಲ್ಲಿ ಎಣ್ಣೆಯಿಲ್ಲದೆ ವೇಗವಾಗಿ ಹೊಡೆಯುವ ಎರಡೂ ಸುತ್ತುಗಳನ್ನು ದಾಟುವುದಿಲ್ಲ. ಯಾರೋ ಬರೆದದ್ದನ್ನು ಈ ಹಲ್ಲಿನ ಡಾಕ್ಟರು ನಂಬಿದ್ದಾನೆ ಅಷ್ಟೆ. ಡ್ವೇನನ ಅಂಗಿಯ ಜೇಬಿನಲ್ಲಿ ಎಂದಿನಂತೆ ಕಣ್ಣಿನ ಮದ್ದಿನ ಹಳೆ ಸೀಸೆ ಇತ್ತು, ಅದರ ತುಂಬ ಎಣ್ಣೆ.

"ಎಣ್ಣೆ ಹಾಕ್ಲಾ ಅಪ್ಪ?" ಎಂದಳು ಬ್ರಿನ್.

"ಕರ್ಟಿಸ್ ಏನಂತಾರೆ?"

"ಬೇಡ ಅಂದ್ರಲ್ಲ."

"ಹಾಗಾದ್ರೆ ಬೇಡ," ಎಂದು ಅವನು ಕ್ಯಾರಿಯರನ್ನು ವಾಪಸು ಕೊಟ್ಟ. ಅವಳು ಅದನ್ನು ಬಂದೂಕಿಗೆ ಸೇರಿಸಿ ಮುಚ್ಚಿದಳು.

ಸಣ್ಣದೊಂದು ಮಾತು. ಸುಳ್ಳೂ ಅಲ್ಲ. ಹಾಗೆಂದು ಅವನು ತನಗೇ ಹೇಳಿಕೊಂಡ.

ಆ ದಿನ ಬ್ರಿನ್ನಳಿಗೆ ಬೇಕಾಗಿದ್ದದ್ದು ರಾಜ್ಯದ ಕಿರಿಯರ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗ. ನಿಂತು ಹೊಡೆಯುವ ಸುತ್ತಿನಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಕುಳಿತು ವೇಗವಾಗಿ ಹೊಡೆಯುವ ಸುತ್ತಿನಲ್ಲೂ ಬಂದೂಕು ತಕರಾರಿಲ್ಲದೆ ಓಡಿತು. ಪ್ರತಿ ಸುತ್ತು ಮುಗಿದಾಗಲೂ ಅವಳು ಹಿಂದಕ್ಕೆ ತಿರುಗಿ ಅಪ್ಪನನ್ನು ಹುಡುಕಿ ಗದ್ದ ಎತ್ತುತ್ತಿದ್ದಳು. ಅವನೂ ಗದ್ದ ಎತ್ತುತ್ತಿದ್ದ.

"ಓಡ್ತಿದೆ ಅಲ್ವಾ?" ಎಂದು ಕರ್ಟಿಸ್ ಅವನ ತೋಳು ಹಿಡಿದ. "ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಮಾರಾಯ್ರೇ, ಸರಿಯಾದ್ದು ತರಿಸಿದ್ನೋ ಇಲ್ವೋ ಅಂತ."

ಡ್ವೇನ್ ದುರ್ಬೀನಿಗೆ ಕಣ್ಣಿಟ್ಟ. ಬಂದೂಕು ಚೆನ್ನಾಗಿ ಓಡಿದಷ್ಟೂ ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಒಂದು ಸಲ ಸಿಕ್ಕಿಕೊಳ್ಳಲಿ. ಒಂದೇ ಒಂದು ಸಲ. ಎಲ್ಲರೆದುರು ಸಿಕ್ಕಿಕೊಳ್ಳಲಿ, ಈ ಮನುಷ್ಯನ ಮುಖ ಬಾಡಲಿ, ಮಗಳು ಹಳೆಯ ಕಪ್ಪು ಕ್ಯಾರಿಯರನ್ನು ಮತ್ತೆ ನನ್ನ ಮೇಜಿಗೆ ತರಲಿ. ಮಗಳ ಬಂದೂಕು ಕೈಕೊಡಲಿ ಎಂದು ಹಾರೈಸುವ ಅಪ್ಪ ಎಲ್ಲಾದರೂ ಉಂಟೆ? ಇಲ್ಲಿ ಒಬ್ಬನಿದ್ದ. ತಲೆಗೆ ಕ್ಲಬ್ಬಿನ ಟೋಪಿ ಹಾಕಿಕೊಂಡು, ದುರ್ಬೀನಿನ ಹಿಂದೆ ಮುಖ ಮರೆಸಿಕೊಂಡಿದ್ದ.

ಮೂರನೆಯದು ಮಲಗಿ ವೇಗವಾಗಿ ಹೊಡೆಯುವ ಸುತ್ತು. ಅಷ್ಟರಲ್ಲಿ ಗಾಳಿ ಎದ್ದು ಸಾಲಿನುದ್ದಕ್ಕೂ ಮಣ್ಣು ಎರಚಿತು. ಆರ್ಲೋ ಅಪ್ಪಣೆ ಕೊಟ್ಟ. ಎಲ್ಲ ಬಂದೂಕುಗಳೂ ಒಟ್ಟಿಗೆ ಸಿಡಿದವು. ನಡುವೆ ಬ್ರಿನ್ನಳ ಬಂದೂಕು ನಿಂತುಹೋಯಿತು. ಅವಳು ಹಿಡಿ ಎಳೆದಳು, ಅಂಗೈಯಿಂದ ಗುದ್ದಿದಳು, ಮತ್ತೆ ಎಳೆದಳು. ಕ್ಯಾರಿಯರು ಅರ್ಧ ದಾರಿಗೆ ಬಂದು ಮೊಂಡು ಹೇಸರಗತ್ತೆಯಂತೆ ನಿಂತುಬಿಡುತ್ತಿತ್ತು. ದುರ್ಬೀನಿನಲ್ಲಿ ಅವಳ ಕಿವಿ ಕೆಂಪಾದದ್ದು ಕಂಡಿತು. ಬೇಡಿಕೊಂಡದ್ದು ಸಿಕ್ಕಿಬಿಟ್ಟಿತ್ತು. ಡ್ವೇನನಿಗೆ ಒಂದು ಚಿಟಿಕೆಯಷ್ಟೂ ಖುಷಿಯಾಗಲಿಲ್ಲ. ಎದ್ದು ಓಡಿಹೋಗಿ ಅವಳ ಪಕ್ಕ ಮಲಗಬೇಕೆನಿಸಿತು.

ಸೀಟಿ ಊದಿದಾಗ ಮೂರು ಗುಂಡು ಹಾರದೆ ಉಳಿದಿದ್ದವು. ಬಂದೂಕು ಕೈಕೊಟ್ಟರೆ ಇನ್ನೊಂದು ಅವಕಾಶ ಕೊಡುವ ಪದ್ಧತಿ ಆ ಕ್ಲಬ್ಬಿನಲ್ಲಿ ಇರಲಿಲ್ಲ.

ಸಾಲಿನಿಂದ ಹಿಂದಕ್ಕೆ ಬಂದ ಬ್ರಿನ್ ಅಳಲಿಲ್ಲ. ಬಂದೂಕನ್ನು ಮೇಜಿನ ಮೇಲಿಟ್ಟು ತೆರೆದಳು. ಕರ್ಟಿಸನ ಮುಖ ಬಿಳಿಚಿಹೋಗಿತ್ತು.

"ನನ್ನಿಂದ ಆಯ್ತು ಕಂದ. ಎಣ್ಣೆ ಬೇಡ ಅಂದಿದ್ದು ನಾನು. ನಂಗೇನು ಗೊತ್ತು? ಓದಿದ್ದನ್ನ ಹೇಳಿದೆ."

"ನಿಮ್ಮಿಂದಲ್ಲ," ಎಂದಳು ಬ್ರಿನ್. "ಎಣ್ಣೆಯದೂ ಅಲ್ಲ. ಅಪ್ಪ ಮುಟ್ಟಿ ನೋಡಿದ್ರಲ್ಲ. ಎಣ್ಣೆ ಬೇಕಿದ್ರೆ ಅಪ್ಪ ಹೇಳ್ತಿದ್ರು. ಬೇರೆ ಏನೋ ಆಗಿದೆ. ಏನು ಅಂತ ನೋಡಪ್ಪ."

ಮಲಗಿ ನಿಧಾನವಾಗಿ ಹೊಡೆಯುವ ಕೊನೆಯ ಸುತ್ತು ಒಂದೇ ಉಳಿದಿತ್ತು. ಆರ್ಲೋ ಆಗಲೇ ಹೆಸರು ಕರೆಯಲು ಶುರುಮಾಡಿದ್ದ. ಬೇರೆ ಏನೋ ಆಗಿದೆ ಎಂದು ಡ್ವೇನ್ ತೋಟೆಯ ಡಬ್ಬವನ್ನು ಅಲುಗಾಡಿಸಿ ನಾಟಕ ಆಡಬಹುದಿತ್ತು. ಆಡಿದ್ದರೆ ಬಂದೂಕು ಮತ್ತೆ ಸಿಕ್ಕಿಕೊಳ್ಳುತ್ತಿತ್ತು, ಇರುವ ಸಣ್ಣ ಆಸೆಯೂ ಹೋಗುತ್ತಿತ್ತು. ಅವನು ಜೇಬಿಗೆ ಕೈಹಾಕಿ ಸೀಸೆ ತೆಗೆದು ಮೇಜಿನ ಮೇಲಿಟ್ಟ.

ಬ್ರಿನ್ ಸೀಸೆಯನ್ನು ನೋಡಿದಳು. ಆಮೇಲೆ ಅವನ ಹೆಬ್ಬೆರಳನ್ನು ನೋಡಿದಳು.

"ಒಣಗಿತ್ತಾ?"

"ಒಣಗಿತ್ತು."

"ಆಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಬ್ರಿನ್."

ಅವನು ಸೀಸೆಯ ಮುಚ್ಚಳ ತೆಗೆಯಲು ಕೈ ಚಾಚಿದ. ಅದಕ್ಕಿಂತ ಮೊದಲು ಅವಳ ಕೈ ಬಂತು. ಕ್ಯಾರಿಯರನ್ನು ಹೊರಗೆಳೆದಳು. ಹಳದಿ ಮೈಮೇಲೆ ಕೂತಿದ್ದ ಮಸಿ, ಧೂಳು ಎರಡೂ ಅಂಗಿಯ ಚುಂಗಿನಿಂದ ಒಮ್ಮೆ ಒರೆಸಿದ್ದಕ್ಕೇ ಬಂದುಬಿಟ್ಟವು; ಲೇಪದ ಬಗ್ಗೆ ಹೇಳಿದ್ದೆಲ್ಲ ಸುಳ್ಳಾಗಿರಲಿಲ್ಲ. ಪಕ್ಕೆಗಳಿಗೆ ಒಂದೊಂದು ಹನಿ, ಬೋಲ್ಟಿನ ಸುತ್ತ ಒಂದು ಹನಿ, ಅವನು ಕಲಿಸಿಕೊಟ್ಟಂತೆಯೇ ಹಾಕಿದಳು. ಹೆಬ್ಬೆರಳನ್ನು ಉದ್ದಕ್ಕೆ ಎಳೆದು ತೋರುಬೆರಳಿಗೆ ತಿಕ್ಕಿ ನೋಡಿಕೊಂಡಳು. ಬಂದೂಕು ಮುಚ್ಚಿ, ಸೀಸೆಗೆ ಮುಚ್ಚಳ ತಿರುಗಿಸಿ, ಅದನ್ನು ತನ್ನ ಚೀಲದೊಳಗೆ ಹಾಕಿ ಜಿಪ್ ಎಳೆದಳು.

"ಕರ್ಟಿಸ್, ಚಾಪೆ ತರ್ತೀರಾ?" ಎಂದಳು.

ಕರ್ಟಿಸ್ ಡ್ವೇನನನ್ನು ಒಮ್ಮೆ ನೋಡಿದ. ಅವನ ನೋಟದಲ್ಲಿ ಬೈಗುಳ ಇರಲಿಲ್ಲ. ಚಾಪೆ ಎತ್ತಿಕೊಂಡು ಅವಳ ಹಿಂದೆ ಹೋದ, ಸಾಲಿನಲ್ಲಿ ಹಾಸಿಕೊಟ್ಟು ಮರಳಿ ಬಂದು ಡ್ವೇನನ ಪಕ್ಕದಲ್ಲೇ ನಿಂತ.

ಬ್ರಿನ್ ಮಲಗಿ ಹೊಡೆಯತೊಡಗಿದಳು. ಪ್ರತಿ ಗುಂಡಿಗೂ ಹಳದಿ ಉಕ್ಕು ಬಿಸಿಲಲ್ಲಿ ಮಿಂಚಿ ಸರಾಗವಾಗಿ ಒಳಗೆ ಜಾರುತ್ತಿತ್ತು. ಗುಂಡುಗಳು ಗುರಿಯ ನಡುವಿಗೇ ಬೀಳುತ್ತಿದ್ದವು. ಆದರೂ ಹಾರದೆ ಹೋದ ಆ ಮೂರನ್ನು ತುಂಬಿಕೊಡಲು ಅವಕ್ಕೆ ಸಾಧ್ಯವಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

"ಅದು... ಕೊಟ್ಟ ಬೆಲೆಗೆ ಸರಿ ಇದೆಯಾ?" ಎಂದು ಕರ್ಟಿಸ್ ತಗ್ಗಿದ ದನಿಯಲ್ಲಿ ಕೇಳಿದ. ಏನಾದರೂ ಮಾತಾಡಬೇಕೆಂದು ಕೇಳಿದಂತಿತ್ತು.

"ಒಳ್ಳೇದು ಅದು," ಎಂದ ಡ್ವೇನ್. "ಒಳ್ಳೇದನ್ನೇ ತಂದ್ರಿ."

ಸುತ್ತು ಮುಗಿಯಿತು. ಬ್ರಿನ್ ಎದ್ದು ಮೊಣಕಾಲಿನ ಮಣ್ಣು ಕೊಡವಿದಳು, ಚಾಪೆ ಸುತ್ತಿದಳು. ಡ್ವೇನ್ ಗದ್ದ ಎತ್ತಿಕೊಂಡೇ ಕಾದ. ಅವಳು ತಿರುಗದೆ ಗುರಿಗಳ ಕಡೆಗೇ ನೋಡುತ್ತ ನಿಂತಿದ್ದಳು. ಅವನ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.