ಪುಕ್ಕಟೆ ಅಳು

ಅಜ್ಜಿ ಮೈಲಾರವ್ವ ಸತ್ತ ಮಗಳ ಗಲ್ಲ ಸವರಿ, "ತೊಟ್ಟಿಲ ತೂಗಿದ ಕೈಲೆ ಮಣ್ಣ ಹ್ಯಾಂಗ ಹಾಕಲೇ ನನ್ನವ್ವಾ" ಎಂದು ರಾಗ ಎತ್ತುತ್ತಿದ್ದಂತೆ ವಿಡಿಯೋ ನಿಂತುಬಿಟ್ಟಿತು. ಪರದೆಯ ಮೇಲೊಂದು ಬೀಗದ ಚಿತ್ರ. ಮುಂದಿನದು ರೊಕ್ಕ ಕಟ್ಟಿದ ಮೆಂಬರುಗಳಿಗೆ ಮಾತ್ರ.

ದುಮ್ಮವಾಡದ ಗಂಡನ ಮನೆಯ ಹಿತ್ತಲಲ್ಲಿ ಕುಳಿತ ನೀಲಾ ಮತ್ತೆ ಮತ್ತೆ ಒತ್ತಿದಳು. ಸತ್ತವಳು ಅವಳ ತಾಯಿ. ಸುದ್ದಿ ತಡವಾಗಿ ಮುಟ್ಟಿ, ಅವಳು ತವರೂರು ಮೊರಬಕ್ಕೆ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆ ಊರಲ್ಲಿ ಯಾರೇ ಸತ್ತರೂ ಹಾಡಿಕೊಂಡು ಅಳಲು ಮೈಲಾರವ್ವನನ್ನೇ ಕರೆಯುತ್ತಿದ್ದರು. ಸತ್ತವರ ಬದುಕನ್ನೆಲ್ಲ ಅವಳು ಕಥೆಯಂತೆ ಬಿಡಿಸಿ ಹಾಡುವಳು. ಅವ್ವ ಕೊನೆಗೆ ತನ್ನನ್ನು ನೆನೆದಳೋ ಇಲ್ಲವೋ, ಅದರಲ್ಲಿ ಇದ್ದೇ ಇರುತ್ತದೆ. ಇನ್ನೊಮ್ಮೆ ಹಾಡೆಂದು ಕೇಳಿದ್ದಕ್ಕೆ, ಹೆಣವಿಲ್ಲದೆ ಹಾಡಿದರೆ ಮನೆಗೆ ಮತ್ತೊಂದು ಹೆಣ ಬರುತ್ತದೆಂದು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಆ ಹಾಡು ಉಳಿದದ್ದು, ಅದನ್ನು ಫೋನಿನಲ್ಲಿ ಹಿಡಿದಿದ್ದ ಅವಳ ತಮ್ಮ ಯಲ್ಲೇಶನ ಯೂಟ್ಯೂಬ್ ಚಾನೆಲ್ಲಿನಲ್ಲಿ ಮಾತ್ರ. ಬೀಗ ತೆಗೆಯೆಂದು ಕೇಳಿದ್ದಕ್ಕೆ ಫೋನಿನಲ್ಲಿ ಅವನು ನಕ್ಕ. ಒಬ್ಬರಿಗೆ ಬೀಗ ತೆಗೆದರೆ ಎಲ್ಲರೂ ಕೇಳುತ್ತಾರೆ, ಅಪ್ಪನಿಗೂ ತೆಗೆದುಕೊಟ್ಟಿಲ್ಲ ಎಂದ. ನೀಲಾ ರೊಕ್ಕ ಕಟ್ಟಿದಳು.

"ನೀಲಾ ನೀಲಾ ಅಂತ ಜೀವ ಹಿಡಕೊಂಡಿದ್ಯಲ್ಲವ್ವಾ, ಫೋನ ಎತ್ತದ ಆ ಮಗಳ ಮನಿ ದೀಪ ಆರಲಿ" ಎಂದು ಬೀಗ ತೆರೆದ ವಿಡಿಯೋದಲ್ಲಿ ಅಜ್ಜಿ ಎದೆ ಬಡಿದುಕೊಂಡಳು. ಕೆಳಗೆ ಗುರುತು ಪರಿಚಯವಿಲ್ಲದವರೂ ತಮ್ಮ ಶಾಪ ಬರೆದು ಸೇರಿಸಿದ್ದರು. ಅಂಥ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆಂದು ಕೆಲವರು ಕೇಳಿದ್ದರು. ಯಾರೋ ಹೇಳಿಯೂ ಇದ್ದರು.

ಅವಳಿಗೆ ಯಾವ ಫೋನೂ ಬಂದಿರಲಿಲ್ಲ.

ಮರುದಿನ ಮೊರಬದಲ್ಲಿ ಬಸ್ಸಿಳಿದಾಗ ಜೊತೆಗೆ ಕಳೆ ಕಿತ್ತ ಗೆಳತಿಯರೇ ಮುಖ ತಿರುವಿದರು. ಪಡಸಾಲೆಯಲ್ಲಿ ಯಲ್ಲೇಶ ವಿಡಿಯೋ ತೆಗೆಯುವ ದುಂಡನೆಯ ದೀಪದ ಮುಂದೆ ಕುಳಿತು ಫೋನಿನಲ್ಲಿ ಯಾವುದೋ ವಿಡಿಯೋ ಕತ್ತರಿಸಿ ಜೋಡಿಸುತ್ತಿದ್ದ. ಅಜ್ಜಿ ಗೋಡೆಗೊರಗಿದ್ದಳು.

ಅವ್ವ ಹಾಸಿಗೆ ಹಿಡಿದಿದ್ದಾಗ ತನಗೆ ಫೋನು ಮಾಡಿದ್ದೆಯಾ ಎಂದು ನೀಲಾ ತಮ್ಮನನ್ನು ಕೇಳಿದಳು.

"ಮರ್ತಿದ್ದೆ," ಎಂದ, ತಲೆ ಎತ್ತದೆ. "ಅವ್ವ ಒಂದ ಸಮನ ಕೇಳಾಕತ್ತಿದ್ಲು. ಎತ್ತವಲ್ಲಳು ಅಂದೆ."

"ಹಂಗಾರ ಆ ಶಾಪಾನ ತಗದ ಹಾಕು."

"ತಗದ್ರ ಉಳಿಯೂದೇನ ಅಕ್ಕಾ? ಅಳು ಎಲ್ಲಾರ ಮನ್ಯಾಗೂ ಐತಿ, ಅದನ್ನ ಪುಕ್ಕಟೆನ ಕೊಡಬೇಕು. ಮಂದಿ ರೊಕ್ಕ ಕೊಡೂದು ಬೈಗಳಕ್ಕ."

ನೀಲಾ ಅಜ್ಜಿಯ ಮುಂದೆ ಕುಳಿತು, ಆ ಶಾಪವನ್ನು ಹಿಂದಕ್ಕೆ ತೆಗೆದುಕೋ ಎಂದಳು. ಮೈಲಾರವ್ವ ಮೊಮ್ಮಗನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದಳು.

"ಹಾಡಿದ್ದು ಹೆಣದ ಜೋಡಿ ಹೋತವ್ವಾ," ಎಂದಳು. "ತಿರುಗಿ ಹಾಡಾಕ ಬರಂಗಿಲ್ಲ."

ಆಗ ನೀಲಾ ತಮ್ಮನ ಕಡೆ ತಿರುಗಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಹೆತ್ತವಳಿಗೆ ಸುಳ್ಳು ಹೇಳಿ ಕಳಿಸಿದವನೆಂದಳು, ಹೆಣ ಮಾರಿಕೊಂಡವನೆಂದಳು. ಯಲ್ಲೇಶ ಮೊದಲ ಬಾರಿಗೆ ತಲೆ ಎತ್ತಿ ಅವಳ ಮುಖ ನೋಡಿದ. ಎದ್ದು ದೀಪವನ್ನು ಅವಳತ್ತ ತಿರುಗಿಸಿ, ಕುರ್ಚಿ ಎಳೆದ.

"ಇದನ್ನ ಇಲ್ಲಿ ಕುಂತ ಹೇಳಕ್ಕಾ. ನನ್ನ ಹೆಸರ ಹಿಡದ ಬೈ, ನನಗೇನಿಲ್ಲ. ಮೊದಲಿನ ಎರಡ ನಿಮಿಷ ಪುಕ್ಕಟೆ ಬಿಡೂಣು."

ಬಾಗಿಲಾಚೆ ಇಬ್ಬರು ಹೆಂಗಸರು ಅವಳನ್ನು ನೋಡಿ, ತಮ್ಮಲ್ಲೇ ಏನೋ ಅಂದುಕೊಂಡು ದಾಟಿ ಹೋದರು. ಅವರು ಮರೆಯಾಗುವವರೆಗೂ ನೀಲಾ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತು ಸೆರಗನ್ನು ಕಣ್ಣಿಗೊಯ್ದಳು.

"ಒರಸ್ಕೋಬ್ಯಾಡ," ಎಂದ ಯಲ್ಲೇಶ. "ಹಂಗ ಇರಲಿ."

ಮೈಲಾರವ್ವ ಗೋಡೆಯ ಬದಿಗೆ ಸರಿದು, ಬೆಳಕು ತಾಕದಂತೆ ಕಾಲು ಮಡಚಿಕೊಂಡಳು.