ಎರಡು ಸಾಲಿ, ಒಂದು ಹಿಟ್ಟಿನ ಪಾಕೀಟು

ತಾಂಡಾದಾಗ ನನ್ನ ಮಾತಿಗೆ ತೂಕ ಐತಿ ಅಂತ ಭಾಳ ಸೊಕ್ಕಿತ್ತು ನನಗ. ನಮ್ಮ ಸಾಲಿ ಕಮಿಟಿ ಅಧ್ಯಕ್ಷಿ ನಾನೇ. ದೇವಿಬಾಯಿ ಬಂದ್ಳು ಅಂದ್ರ ಮುಂಡಗೋಡದ ಶಿಕ್ಷಣ ಆಫೀಸಿನಾಗೂ ಕುರ್ಚಿ ಸರಸ್ತಿದ್ರು.

ಜೂನದಾಗ ಸಾಲಿ ಚಾಲೂ ಆದ ವಾರ ಆಫೀಸಿನವರು ಹೇಳಿದ್ರು, ಆರನೇ ಏಳನೇ ಇಯತ್ತೆ ಎರಡೂ ಕೂಡಿ ಹತ್ತು ಮಕ್ಕಳಿಲ್ಲಂದ್ರ ಆ ಕ್ಲಾಸು ಮುಚ್ಚಿ ಪ್ಯಾಟಿ ಅಂಚಿನ ದೊಡ್ಡ ಸಾಲಿಗೆ ಸೇರಸ್ತೇವಿ ಅಂತ. ನಮ್ಮಲ್ಲಿದ್ದದ್ದು ಬರೋಬ್ಬರಿ ಹತ್ತು. ಅದರಾಗ ಬಾಜೂಮನಿ ಕಾಜಲ್ ತನ್ನ ಮಗಳಿಗೆ ಆ ದೊಡ್ಡ ಸಾಲಿ ಇಂಗ್ಲಿಷ್ ಮೀಡಿಯಮ್‌ದಾಗ ಸೀಟು ಹಿಡಿದಿದ್ಳು. ಅಲ್ಲಿ ಬರೇ ಮೂವತ್ತು ಸೀಟು, ಇದು ಕಡೇದು.

"ತಡಿಯವ್ವ, ಎರಡೂ ಸಾಲಿ ನೋಡೂಣು, ಆಮ್ಯಾಲೆ ಕಳಸು" ಅಂತ ಆಕೀನ್ನ ಕರಕೊಂಡು ಹೋದೆ. ಮಕ್ಕಳ ಕಡೆ ಓದಿಸಿ ನೋಡಾಕ ನಮ್ಮ ಹೆಣ್ಮಕ್ಕಳ ಸಂಘದಾಗ ಮಾಡೂ ಹಿಟ್ಟಿನ ಪಾಕೀಟು ಒಂದು ಚೀಲದಾಗ ಇಟಗೊಂಡಿದ್ದೆ. ಹಿಟ್ಟು ಹೆಂಗ ಕಲಸಬೇಕು ಅಂತ ಅದರ ಮ್ಯಾಲ ಸಣ್ಣ ಅಕ್ಷರದಾಗ ಬರದಿರ್ತೈತಿ.

ದೊಡ್ಡ ಸಾಲ್ಯಾಗ ಟೈಲ್ಸ್ ಹಾಕ್ಯಾರ, ಪಾಯಖಾನಿಗೆ ಚಿಲಕಾ ಐತಿ. ಕಂಪ್ಯೂಟರಿಗೆ ಮಾತ್ರ ಸೀರಿ ಹೊಚ್ಚಿಟ್ಟಾರ. ಏಳನೇದ ಏಳು ಮಂದಿಗೆ ಪಾಕೀಟಿನ ಮ್ಯಾಲಿಂದು ಓದಂದ್ರ ನಾಕು ಮಂದಿ ಅಲ್ಲೇ ತಡವರಿಸಿದ್ರು. ನಮ್ಮ ಸಾಲ್ಯಾಗ ಚಿಲಕದ ಜಾಗಾಕ್ಕ ಹಗ್ಗ ಐತಿ, ಮಾಡು ಸೋರತೈತಿ. ಖರೆ ಹತ್ತರಾಗ ಒಂಬತ್ತು ಮಕ್ಕಳು ಸಲೀಸ ಓದಿದ್ರು. ನನ್ನ ಮಗಳು ತುಳಜಾ ನೀರು ಕುಡದ್ಹಂಗ ಓದಿದ್ಳು.

"ಟೈಲ್ಸ್ ನೆಕ್ಕಿದ್ರ ಹೊಟ್ಟಿ ತುಂಬತೈತೇನು, ಬಿಡಕ್ಕ" ಅಂತ ಕಾಜಲ್ ನಕ್ಕಳು.

ಅವತ್ತು ಸಂಜೀಕೆ ಸೇವಾಲಾಲ ಗುಡಿ ಮುಂದ, ತಾಂಡಾದ ಹಿರೇಮನುಷ್ಯಾ ನಾಯಕನ ಎದುರಿಗೆ, ಹತ್ತೂ ಮನಿಯವರು ತೆಂಗಿನಕಾಯಿ ಮುಟ್ಟಿ ಮಾತು ಕೊಟ್ರು, ಯಾರೂ ಮಕ್ಕಳನ್ನ ಬಿಡಸೂದಿಲ್ಲ ಅಂತ. ಮೊದಲ ಮುಟ್ಟಿದವ ನನ್ನ ಗಂಡ ದಿನೇಶ. ಮರುದಿನ ಕಾಜಲ್ ಹೋಗಿ ತನ್ನ ಸೀಟು ಬಿಟ್ಟುಕೊಟ್ಟು ಬಂದ್ಳು.

ತಿಂಗಳ ಕಡೀಗೆ ಮಕ್ಕಳನ್ನ ಎಣಸಾಕ ಆಫೀಸಿನ ಸಾಹೇಬ್ರು ಬಂದ್ರು. ಎಣಿಸಿದ್ರ ಒಂಬತ್ತು. ಮತ್ತೊಮ್ಮೆ ಎಣಿಸಿದ್ರೂ ಒಂಬತ್ತು. ನಾ ಎಲ್ಲಾ ತಾಯಂದಿರ ಮಾರಿ ನೋಡಿದೆ, ಯಾವಾಕಿ ಕೈ ಕೊಟ್ಟಳು ಅಂತ. ಬೈಯಾಕ ಮಾತು ಬಾಯಿತನಾ ಬಂದಿದ್ವು.

ಹೆಡ್‌ಮಾಸ್ತರ ಸಿದ್ದಲಿಂಗ ಸರ್ ಹತ್ರ ಬಂದು ಸಣ್ಣ ದನಿಯಾಗ ಅಂದ್ರು, "ಅಕ್ಕಾರ, ನಿನ್ನೆ ನಿಮ್ಮ ಮನಿಯವರು ಬಂದು ತುಳಜಾನ ಟೀಸಿ ಒಯ್ದಾರ. ನಿಮಗ ಗೊತ್ತಿರಬೇಕು ಅಂತ ತಿಳ್ಕೊಂಡೆ."

ಮುಂಜಾನೆ ನಾನೇ ಆಕಿ ಜಡಿ ಹಾಕಿದ್ದೆ. ಅಪ್ಪನ ಗಾಡಿ ಮ್ಯಾಲ ಹತ್ತಿ ಹೋಗುವಾಗ ನನಗ ಕೈ ಮಾಡಿದ್ಳು. ಗಂಡ, ಮಗಳು ಇಬ್ಬರೂ ಕೂಡಿ ನನ್ನ ಕಣ್ಣಿಗೆ ಮಣ್ಣು ಹಾಕಿದ್ರು.

ಮನಿಗೆ ಬಂದ್ರ ದಿನೇಶ ಕಟ್ಟಿ ಮ್ಯಾಲ ಕುಂತಿದ್ದ. ನಾ ಬಾಯಿ ತೆರೆಯೂದರಾಗ ಅವನೇ ಚಾಲೂ ಮಾಡಿದ. "ನೀ ಸಾಲಿ ನೋಡಿದಿ. ಅಲ್ಲಿ ಯಾರ ಮಕ್ಕಳು ಕುಂಡರ್ತಾರ ಅನ್ನೂದನ್ನ ನಾ ನೋಡಿದೆ. ಆ ಸಾವಕಾರರ ಮಕ್ಕಳ ಬಾಜೂ ನನ್ನ ಮಗಳೂ ಕುಂಡರಲಿ."

"ಕಾಯಿ ಮುಟ್ಟಿದ್ದಿಯಲ್ಲೋ."

"ಮುಟ್ಟಲಿಲ್ಲಂದ್ರ ನೀ ಬಿಡ್ತಿದ್ದಿಯೇನು?"

ಹದಿನಾಕು ವರ್ಷ ಇವನ ಜೋಡಿ ಬಾಳೇ ಮಾಡೇನಿ, ಇಷ್ಟು ಸಣ್ಣಾಕಿ ನಾ ಎಂದೂ ಆಗಿರಲಿಲ್ಲ. ತಿರುಗಿ ನೋಡಿದ್ರ ಅಂಗಳದಾಗ ಕಾಜಲ್ ನಿಂತಿದ್ಳು, ಮಗಳ ಕೈ ಹಿಡಕೊಂಡು. ಎಲ್ಲಾ ಕೇಳಿಸ್ಕೊಂಡಿದ್ಳು.

"ಅಲ್ಲಿ ಮೂವತ್ತೇ ಸೀಟಲ್ಲೇನಕ್ಕ? ಖಾಲಿ ಆದದ್ದು ನಾ ಬಿಟ್ಟದ್ದೊಂದೇ" ಅಂದ್ಳು.

ದಿನೇಶ ತಲಿ ತಗ್ಗಿಸಿದ. ಕಾಜಲ್ ಮಗಳನ್ನ ಕರಕೊಂಡು ತನ್ನ ಮನಿಗೆ ಹೋದಳು. ಆಕಿ ನನಗ ಅಕ್ಕ ಅಂತ ಕರದದ್ದು ಅದೇ ಕಡೀ ಸಲ.